ಕ್ಯಾಬಿನೆಟ್‌ಗೆ 6 ಫ್ಯಾನ್ ಹಾಕಿದರೂ ಬಿಸಿ ಇಳಿಯುತ್ತಿಲ್ಲ, ಇನ್ನೊಂದು ಹಾಕಲಾ?

ತೋಟದ್ಮನೆ, ಸೋಮವಾರಪೇಟೆ

ಎಲ್ಲರಿಗೂ ನಮಸ್ಕಾರ. ಹೋಂಸ್ಟೇ ವಿಡಿಯೊ ಎಡಿಟಿಂಗ್, ರಾತ್ರಿ ಸ್ವಲ್ಪ ಗೇಮಿಂಗ್, ಇಷ್ಟಕ್ಕೆ ಬಳಸುವ ಡೆಸ್ಕ್‌ಟಾಪ್. ಸಿಪಿಯು ರೈಜೆನ್ 5 7600, ಅದರ ಡಬ್ಬಿಯಲ್ಲೇ ಬಂದ ಕೂಲರ್, ಗ್ರಾಫಿಕ್ಸ್ ಕಾರ್ಡ್ (ಜಿಪಿಯು) ಆರ್‌ಟಿಎಕ್ಸ್ 4070, 650 ವಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಕ್ಯಾಬಿನೆಟ್ ಮಿಡ್ ಟವರ್, ಎದುರು ಪೂರ್ತಿ ಗಾಜು. ಗಾಜಿನ ಎರಡೂ ಬದಿಯಲ್ಲಿ ಸುಮಾರು 1 ಸೆಂ.ಮೀ. ಸಂದು ಉಂಟು, ಗಾಳಿ ಒಳಗೆ ಹೋಗುವುದು ಅಲ್ಲಿಂದಲೇ.

ಫ್ಯಾನ್ ಎಲ್ಲ 120 ಎಂಎಂ, ಲೈಟಿನದ್ದು. ಎದುರು 3 ಒಳಕ್ಕೆ, ಮೇಲೆ 2 ಹೊರಕ್ಕೆ, ಹಿಂದೆ 1 ಹೊರಕ್ಕೆ. ಕೋಣೆ 22 ಡಿಗ್ರಿ ಇರುವಾಗಲೂ ಅರ್ಧ ಗಂಟೆ ಲೋಡ್ ಕೊಟ್ಟರೆ ಜಿಪಿಯು 81, ಸಿಪಿಯು 90. ಫ್ಯಾನ್‌ಗಳು 1500 ಆರ್‌ಪಿಎಂನಲ್ಲಿ ಕಿರುಚುತ್ತವೆ. ಮೇಲೆ ಇನ್ನೊಂದಕ್ಕೆ ಜಾಗ ಇದೆ, ಹಾಕಿದರೆ ಇಳಿಯುತ್ತದಾ?

ಇನ್ನೊಂದು ವಿಷಯ. ಜೂನ್ ಬಂತೆಂದರೆ ಗೋಡೆಗೂ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಕ್ಯಾಬಿನೆಟ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಬಹುದಾ? ಸಿಸ್ಟಮ್ ಇರುವುದು ಕಂಪ್ಯೂಟರ್ ಟೇಬಲಿನ ಗೂಡಿನಲ್ಲಿ.

ಪಿನ್ ನಾಲ್ಕು, ಕುಶಾಲನಗರ

ಏಳನೆಯ ಫ್ಯಾನ್ ಬೇಡ ಮಾರಾಯ್ರೆ. ಇರುವುದರಲ್ಲೇ ಒಂದು ತೆಗೆಯಬೇಕಾಗಬಹುದು. ಆದರೆ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಬಿಸಿ ಎಲ್ಲಿ ಸಿಕ್ಕಿಕೊಂಡಿದೆ ಅಂತ ಗೊತ್ತಾಗಬೇಕು. ಒಂದೇ ಗೇಮ್, ಒಂದೇ ಸೆಟ್ಟಿಂಗ್, ಎಲ್ಲ ಫ್ಯಾನ್ ಒಂದೇ ವೇಗಕ್ಕೆ ಲಾಕ್ ಮಾಡಿ, ಪ್ರತಿ ಸಲ 20 ನಿಮಿಷ ಓಡಿಸಿ ಅಂಕಿ ಬರೆದುಕೊಳ್ಳಿ:

ಮೊದಲು ಈಗ ಹೇಗಿದೆಯೋ ಹಾಗೆ. ಆಮೇಲೆ ಟೇಬಲಿನ ಗೂಡಿನಿಂದ ಹೊರಗೆ ತೆಗೆದು, ಗೋಡೆಯಿಂದ ಅರ್ಧ ಅಡಿ ದೂರ ಇಟ್ಟು. ಮೂರನೆಯದು, ಎದುರಿನ ಗಾಜು ಮಾತ್ರ ಕಳಚಿ. ನಾಲ್ಕನೆಯದು, ಎದುರಿನ ಗಾಜು ವಾಪಸ್ ಹಾಕಿ ಪಕ್ಕದ ಬಾಗಿಲು ಮಾತ್ರ ತೆಗೆದು. ಪ್ರತಿ ಸಲ ಕೋಣೆಯ ಉಷ್ಣತೆಯನ್ನೂ ಬರೆಯಿರಿ. ಕೋಣೆ 3 ಡಿಗ್ರಿ ಏರಿದರೆ ಒಳಗೂ ಹೆಚ್ಚುಕಡಿಮೆ 3 ಏರುತ್ತದೆ, ಅದನ್ನು ಕಳೆಯದೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಪಕ್ಕದ ಬಾಗಿಲು ತೆಗೆದಾಗ 2–3 ಡಿಗ್ರಿ ಮಾತ್ರ ಇಳಿದರೆ ಕ್ಯಾಬಿನೆಟ್‌ನ ತಪ್ಪಲ್ಲ. ಕೂಲರ್, ಅದಕ್ಕೂ ಸಿಪಿಯುಗೂ ನಡುವೆ ಹಚ್ಚುವ ಪೇಸ್ಟ್ ಕಡೆ ನೋಡಬೇಕು. 8–10 ಇಳಿದರೆ ಗಾಳಿಯದ್ದೇ ಸಮಸ್ಯೆ.

ಫ್ಯಾನ್ ದಿಕ್ಕನ್ನೂ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಮೋಟಾರ್ ಹಿಡಿದಿರುವ ನಾಲ್ಕು ಕಾಲು ಯಾವ ಕಡೆ ಕಾಣುತ್ತದೋ ಆ ಕಡೆ ಗಾಳಿ ಹೊರಡುತ್ತದೆ. ಎದುರಿನ ಫ್ಯಾನ್‌ನಲ್ಲಿ ಆ ಕಾಲುಗಳು ಕ್ಯಾಬಿನೆಟ್ ಒಳಗಿನಿಂದ ಕಾಣಬೇಕು. ರಿವರ್ಸ್ ಬ್ಲೇಡ್ ಫ್ಯಾನ್ ಆಗಿದ್ದರೆ ಇದು ಉಲ್ಟಾ, ಹಾಗಾಗಿ ಅನುಮಾನ ಬಂದರೆ ಊದುಬತ್ತಿ ಹಚ್ಚಿ ಹೊರಗಿನಿಂದ ಒಂದೊಂದು ಜಾಲರಿಯ ಹತ್ತಿರ ಹಿಡಿಯಿರಿ. ಹೊಗೆ ಸುಳ್ಳು ಹೇಳುವುದಿಲ್ಲ.

ಗಾಳಿಗುಡ್ಡ, ವಿರಾಜಪೇಟೆ

ಇಷ್ಟೆಲ್ಲ ಯಾಕೆ? ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ ಅಂತ ಶಾಲೆಯಲ್ಲೇ ಹೇಳಿಕೊಟ್ಟಿದ್ದಾರೆ. ಮೇಲೆ 3, ಹಿಂದೆ 1, ಎಲ್ಲ ಹೊರಕ್ಕೆ ಬಿಡಿ. ತೇವವೂ ಅದರ ಜತೆ ಹೊರಗೆ ಹೋಗುತ್ತದೆ.

ಮೆಶ್ ಮಂದಿ, ಮಡಿಕೇರಿ

ಗಾಳಿಗುಡ್ಡದವರೇ, ಬಿಸಿ ಗಾಳಿ ಮೇಲೇರುವುದು ನಿಜ. ಆದರೆ ಫ್ಯಾನ್ ಇಲ್ಲದ ಡಬ್ಬಿಯಲ್ಲಿ ಅದರದ್ದು ಆಟ. ಒಂದು 120 ಎಂಎಂ ಫ್ಯಾನ್ ನಿಧಾನಕ್ಕೆ ತಿರುಗಿದರೂ ಆ ತಾನಾಗಿ ಏರುವ ಗಾಳಿಯನ್ನು ಎಲ್ಲಿಗೆ ಬೇಕಾದರೂ ಎಳೆದುಕೊಂಡು ಹೋಗುತ್ತದೆ. ತೇವದ ಮಾತೂ ನಿಲ್ಲುವುದಿಲ್ಲ: ನೀವು ಹೊರಗೆ ಹಾಕಿದಷ್ಟೇ ಗಾಳಿ ಕೋಣೆಯಿಂದ ಒಳಗೆ ಬರುತ್ತದೆ, ಅದೇ ತೇವದ ಸಮೇತ. ವ್ಯತ್ಯಾಸ ಇಷ್ಟೇ, ಎಲ್ಲ ಹೊರಕ್ಕೆ ಇಟ್ಟರೆ ಆ ಗಾಳಿ ಫಿಲ್ಟರ್ ಇಲ್ಲದ ಸಂದುಗಳಿಂದ ನುಗ್ಗುತ್ತದೆ. ಹಿಂಭಾಗದಲ್ಲಿ ಗ್ರಾಫಿಕ್ಸ್ ಕಾರ್ಡ್ ಕೂರುವ ಸ್ಲಾಟ್‌ಗಳ ಪಟ್ಟಿ ನೋಡಿ. ಅಲ್ಲಿ ಧೂಳಿನ ಗೆರೆ ಕೂತಿದ್ದರೆ ಕ್ಯಾಬಿನೆಟ್ ಅಲ್ಲಿಂದ ಉಸಿರೆಳೆಯುತ್ತಿದೆ ಅಂತ ಅರ್ಥ.

ತೋಟದ್ಮನೆಯವರದ್ದೂ ಹಾಗೇ ಆಗಿರಬೇಕು. 3 ಒಳಕ್ಕೆ, 3 ಹೊರಕ್ಕೆ ಅಂದರೆ ಸಮ ಅನಿಸುತ್ತದೆ. ಆದರೆ ಎದುರಿನ ಮೂರಕ್ಕೆ ಗಾಜು ಅಡ್ಡ, ಫಿಲ್ಟರ್ ಅಡ್ಡ. ಮೇಲಿನದಕ್ಕೆ ಏನೂ ಅಡ್ಡ ಇಲ್ಲ. ಲೆಕ್ಕ ಹಾಕಿ: 120 ಎಂಎಂ ಫ್ಯಾನ್‌ನಲ್ಲಿ ನಡುವಿನ ಮೋಟಾರ್ ಕಳೆದರೆ ಗಾಳಿ ಹೋಗುವ ಜಾಗ ಸುಮಾರು 90 ಚದರ ಸೆಂ.ಮೀ. ಮೂರಕ್ಕೆ 270. ನಿಮ್ಮ ಸಂದು 1 ಸೆಂ.ಮೀ. ಅಗಲ, ಎತ್ತರ 38 ಸೆಂ.ಮೀ. ಅಂತ ಹಿಡಿದರೆ ಎರಡೂ ಬದಿ ಸೇರಿ 76. ಮುಕ್ಕಾಲು ಪಾಲು ಬಾಗಿಲು ಮುಚ್ಚಿಟ್ಟು ಮೂರು ಫ್ಯಾನ್ ಓಡಿಸಿದ ಹಾಗೆ. ಕಿರುಚುವ ಶಬ್ದ ಅದೇ.

ಬೇಕಾದದ್ದು ಎಷ್ಟು ಗಾಳಿ? ಸಿಪಿಯು 88 ವಾಟ್‌ವರೆಗೆ ಎಳೆಯುತ್ತದೆ, ಕಾರ್ಡ್ 200, ಉಳಿದದ್ದೆಲ್ಲ ಸೇರಿ ಸುಮಾರು 300 ವಾಟ್. ಹೊರಬರುವ ಗಾಳಿ ಕೋಣೆಗಿಂತ 10 ಡಿಗ್ರಿ ಮಾತ್ರ ಬಿಸಿ ಇರಬೇಕು ಅಂದರೆ ಸಮುದ್ರ ಮಟ್ಟದಲ್ಲಿ ಸುಮಾರು 53 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಸಾಕು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರ, ಗಾಳಿ 13% ತೆಳು. ಇಲ್ಲಿ 60 ಬೇಕು. ಸೋಮವಾರಪೇಟೆಯೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ನಮ್ಮ ಚಳಿಯ ಲಾಭದಲ್ಲಿ ಸ್ವಲ್ಪವನ್ನು ಬೆಟ್ಟ ವಾಪಸ್ ಕಿತ್ತುಕೊಳ್ಳುತ್ತದೆ ಅನ್ನಿ. 1500 ಆರ್‌ಪಿಎಂನ ಸಾಧಾರಣ ಫ್ಯಾನ್‌ನ ಡಬ್ಬಿಯ ಮೇಲೆ 50–55 ಅಂತ ಬರೆದಿರುತ್ತಾರೆ. ಅದು ಅಡ್ಡ ಏನೂ ಇಲ್ಲದಾಗಿನ ಅಂಕಿ. ಫಿಲ್ಟರ್, ಜಾಲರಿ ಇದ್ದರೆ ಅರ್ಧ ಸಿಕ್ಕರೆ ಪುಣ್ಯ. ಅರ್ಧ ಸಿಕ್ಕರೂ ಮೂರಕ್ಕೆ 75–80. ಅಂದರೆ ಎದುರು ತೆರೆದಿದ್ದರೆ ನಿಮ್ಮ ಮೂರೇ ಫ್ಯಾನ್ ಧಾರಾಳ.

ತೋಟದ್ಮನೆ, ಸೋಮವಾರಪೇಟೆ

ಪಿನ್ ನಾಲ್ಕು ಅಣ್ಣ ಹೇಳಿದ ಹಾಗೆ ಮಾಡಿದೆ. ಕೋಣೆ 22ರಲ್ಲೇ ಇತ್ತು, ಫ್ಯಾನ್ ಎಲ್ಲ 1200ಕ್ಕೆ ಲಾಕ್.

ಇದ್ದ ಹಾಗೆ: ಜಿಪಿಯು 83, ಸಿಪಿಯು 91
ಗೂಡಿನಿಂದ ಹೊರಗೆ: 79, 88
ಎದುರಿನ ಗಾಜು ತೆಗೆದು: 72, 84
ಗಾಜು ಹಾಕಿ ಪಕ್ಕದ ಬಾಗಿಲು ತೆಗೆದು: 71, 83

ಸ್ಲಾಟ್ ಪಟ್ಟಿಯಲ್ಲಿ ಧೂಳಿನ ಗೆರೆ ಉಂಟು. ಊದುಬತ್ತಿ ಹೊಗೆಯೂ ಅಲ್ಲಿಂದ ಒಳಗೆ ಹೋಗುತ್ತಿದೆ. ಈಗ ಯಾವ ಫ್ಯಾನ್ ತೆಗೆಯಬೇಕು?

ಪಿನ್ ನಾಲ್ಕು, ಕುಶಾಲನಗರ

ಅಂಕಿ ಕನ್ನಡಿ ಹಿಡಿದ ಹಾಗಿದೆ. ಗಾಜು ತೆಗೆದದ್ದಕ್ಕೂ ಇಡೀ ಬಾಗಿಲು ತೆಗೆದದ್ದಕ್ಕೂ 1 ಡಿಗ್ರಿ ವ್ಯತ್ಯಾಸ. ಎದುರು ಬಿಟ್ಟರೆ ಕ್ಯಾಬಿನೆಟ್‌ನಲ್ಲಿ ಬೇರೆ ದೋಷ ಇಲ್ಲ.

ತೆಗೆಯಬೇಕಾದದ್ದು ಮೇಲಿನ ಎರಡರಲ್ಲಿ ಎದುರಿಗೆ ಹತ್ತಿರ ಇರುವುದು. ಎದುರಿನ ಮೇಲ್ತುದಿಯ ಫ್ಯಾನ್ ತಂದ ತಣ್ಣನೆ ಗಾಳಿ ಸಿಪಿಯು ತಲುಪುವ ಮೊದಲೇ ಅದು ಮೇಲಕ್ಕೆ ಎಳೆದು ಬಿಸಾಡುತ್ತದೆ. ಒಂದು ಕೈಯಲ್ಲಿ ಬಡಿಸಿ ಇನ್ನೊಂದು ಕೈಯಲ್ಲಿ ಎಲೆ ಎತ್ತಿದ ಹಾಗೆ. ಮೇಲಿನ ಹಿಂದಿನದು, ಹಿಂಭಾಗದ್ದು, ಈ ಎರಡೇ ಹೊರಕ್ಕೆ ಸಾಕು. ತೆಗೆದ ಜಾಗವನ್ನು ಒಳಗಿನಿಂದ ದಪ್ಪ ರಟ್ಟು ಕತ್ತರಿಸಿ ಮುಚ್ಚಿ, ಇಲ್ಲದಿದ್ದರೆ ಹೊಸ ಗಾಳಿ ಅಲ್ಲೇ ಸೋರಿ ಹೋಗುತ್ತದೆ.

ತೆಗೆದ ಫ್ಯಾನ್ ಬಿಸಾಡಬೇಡಿ. ಎಸ್‌ಎಂಪಿಎಸ್ ಮುಚ್ಚಿರುವ ತಗಡಿನ ಮೇಲೆ ಜಾಲರಿ, 105 ಎಂಎಂ ಅಂತರದಲ್ಲಿ ನಾಲ್ಕು ಸ್ಕ್ರೂ ತೂತು ಇದ್ದರೆ ಅಲ್ಲಿ ಮೇಲ್ಮುಖವಾಗಿ ಕೂರಿಸಿ. ಸೀದಾ ಗ್ರಾಫಿಕ್ಸ್ ಕಾರ್ಡಿನ ಬಾಯಿಗೆ ಗಾಳಿ ಹೋಗುತ್ತದೆ. ಆದರೆ ಅದಕ್ಕೆ ಕೆಳಗಿನಿಂದ ಗಾಳಿ ಬರುವ ದಾರಿ ಇರಬೇಕು. ತಗಡಿನ ಒಳಗೆ ಕೇಬಲ್ ತುರುಕಿ ತುಂಬಿದ್ದರೆ ಫ್ಯಾನ್ ಸುಮ್ಮನೆ ತಿರುಗುತ್ತದೆ, ಅಷ್ಟೇ.

ಗಾಜಿಗೆ ಎರಡು ದಾರಿ. ನಿಮ್ಮ ಮಾಡೆಲ್‌ಗೆ ಜಾಲರಿ ಮುಖ ಬಿಡಿಯಾಗಿ ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ಗಾಜು ಹಿಡಿದಿರುವ ನಾಲ್ಕು ಸ್ಕ್ರೂಗೆ 15 ಎಂಎಂ ನೈಲಾನ್ ಸ್ಪೇಸರ್ ಕೊಟ್ಟು, ಅಷ್ಟೇ ಉದ್ದ ಹೆಚ್ಚಿರುವ ಸ್ಕ್ರೂ ಹಾಕಿ ಮುಂದಕ್ಕೆ ತನ್ನಿ. ಸಂದು 2.5 ಸೆಂ.ಮೀ. ಆಗುತ್ತದೆ, ಬದಿಗಳೇ 190 ಚದರ ಸೆಂ.ಮೀ. ಕೊಡುತ್ತವೆ. ಮೇಲೆ ಕೆಳಗೂ ತೆರೆದುಕೊಳ್ಳುತ್ತದೆ. ಗಾಜಿಗೂ ಸ್ಪೇಸರ್‌ಗೂ ನಡುವೆ ರಬ್ಬರ್ ವಾಷರ್ ಇಡಿ, ಕೈಯಲ್ಲೇ ಬಿಗಿ ಮಾಡಿ. ಟೆಂಪರ್ಡ್ ಗಾಜು ಅಂಚಿಗೆ ಪೆಟ್ಟು ಬಿದ್ದರೆ ಪೂರ್ತಿ ಪುಡಿ.

ಗೂಡಿನಿಂದ ಹೊರಗೆ ಇಡುವುದೇ ಸರಿ. ಗೂಡಿನಲ್ಲೇ ಇರಬೇಕೆಂದರೆ ಹಿಂದಿನ ಹಲಗೆ ಬಿಚ್ಚಿ. ಹೊರಗೆ ಬಿಟ್ಟ ಬಿಸಿ ಗಾಳಿಯನ್ನೇ ಅದು ಮತ್ತೆ ಒಳಗೆ ಎಳೆಯುತ್ತಿದೆ. ನಿಮ್ಮ 4 ಡಿಗ್ರಿ ಅಲ್ಲೇ ಹೋಗಿದ್ದು.

ತೇವದ ಪಾಳಿ, ಭಾಗಮಂಡಲ

ಮಳೆಗಾಲದ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನು ಬರೆಯುತ್ತೇನೆ.

ಸಿಲಿಕಾ ಜೆಲ್ ಡಬ್ಬಿ ಮುಚ್ಚಿಟ್ಟ ಕ್ಯಾಮೆರಾ ಲೆನ್ಸ್‌ಗೆ ಸರಿ. ಓಡುವ ಕ್ಯಾಬಿನೆಟ್‌ನಲ್ಲಿ 60 ಸಿಎಫ್‌ಎಂ ಅಂದರೆ 45 ಲೀಟರ್ ಡಬ್ಬಿಯ ಗಾಳಿ ನಿಮಿಷಕ್ಕೆ 30 ಸಲಕ್ಕಿಂತ ಹೆಚ್ಚು ಬದಲಾಗುತ್ತದೆ. ಪೊಟ್ಟಣ ಇಡೀ ಕೋಣೆಯ ತೇವ ಹೀರಲು ಹೊರಟು ಒಂದೇ ದಿನದಲ್ಲಿ ಸೋಲುತ್ತದೆ.

ಓಡುವಾಗ ತೇವದ ಭಯ ಬೇಡ. 20 ಡಿಗ್ರಿಯಲ್ಲಿ 95% ತೇವ ಇರುವ ಗಾಳಿ ಒಳಗೆ ಹೋಗಿ 30 ಡಿಗ್ರಿಗೆ ಬಿಸಿಯಾದರೆ ಅದೇ ಗಾಳಿಯ ಸಾಪೇಕ್ಷ ತೇವಾಂಶ ಸುಮಾರು 52%. ಬಿಸಿಯೇ ಒಣಗಿಸುತ್ತದೆ. ತೊಂದರೆ ಆಫ್ ಇದ್ದಾಗ. ರಾತ್ರಿ ತಣ್ಣಗಾದ ತಗಡು ಬೆಳಗ್ಗೆ ಇನ್ನೂ ತಣ್ಣಗಿರುತ್ತದೆ, ಮಳೆ ಬಿಟ್ಟು ಬಿಸಿಲು ಬಂದಾಗ ಬೆಚ್ಚನೆ ಒದ್ದೆ ಗಾಳಿ ಕೋಣೆಗೆ ಬರುತ್ತದೆ, ಆಗ ತಣ್ಣನೆ ಲೋಹದ ಮೇಲೆ ಪಸೆ ಕೂರುತ್ತದೆ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್‌ನ ಜಡಿಮಳೆ) ಬಳಸದಿದ್ದರೂ ದಿನಕ್ಕೆ ಒಂದು ಗಂಟೆ ಓಡಿಸಿ. ತಿಂಗಳುಗಟ್ಟಲೆ ಮುಚ್ಚಿಡುವುದಾದರೆ ವೈರ್ ಕಳಚಿ ಹಳೆ ಬೆಡ್‌ಶೀಟ್ ಹೊದಿಸಿ. ಪ್ಲಾಸ್ಟಿಕ್ ಕವರ್ ಹಾಕಬೇಡಿ, ತೇವ ಒಳಗೇ ಬಂದಿ.

ಫಿಲ್ಟರ್ ಸ್ಪಂಜಿನದ್ದಾದರೆ ಈಗಲೇ ಬದಲಿಸಿ. ಸ್ಪಂಜು ಒದ್ದೆ ಗಾಳಿಯಲ್ಲಿ ಧೂಳು ಹಿಡಿದರೆ ಬೂಷ್ಟಿಗೆ ಅದೇ ಹಾಸಿಗೆ. ನೈಲಾನ್ ಜಾಲರಿ ತೊಳೆದರೂ ಬೇಗ ಒಣಗುತ್ತದೆ. ಬೇಗ ಅಂದರೂ ಜುಲೈಯಲ್ಲಿ ನಮ್ಮ ಕಡೆ ಎರಡು ದಿನ, ಹಾಗಾಗಿ ಎರಡು ಜತೆ ಇಟ್ಟುಕೊಳ್ಳಿ. ಅರೆಒದ್ದೆ ಫಿಲ್ಟರ್ ಹಾಕಿ ಆನ್ ಮಾಡಬೇಡಿ.

ಸಿಮೆಂಟ್ ನೆಲ ಮಳೆಗಾಲದಲ್ಲಿ ಬೆವರುತ್ತದೆ. ಎಸ್‌ಎಂಪಿಎಸ್ ಕೆಳಗಿನಿಂದ ಗಾಳಿ ಎಳೆಯುವುದಾದರೆ ಕ್ಯಾಬಿನೆಟ್ ನೆಲದಿಂದ ಅರ್ಧ ಅಡಿ ಮೇಲೆ ಮರದ ಸ್ಟೂಲ್ ಮೇಲಿರಲಿ. ಅದರ ಫ್ಯಾನ್ ಕೆಳಮುಖ ಇರುವುದು ಸರಿ, ಫಿಲ್ಟರ್ ಇರಬೇಕು.

ಮೊದಲ ಮಳೆ ಬಿದ್ದ ಸಂಜೆ ಗೆದ್ದಲಿನ ರೆಕ್ಕೆ ಹುಳ ಏಳುತ್ತದಲ್ಲ, ಆ ದಿನ ಬಣ್ಣದ ಲೈಟ್ ಆರಿಸಿ. ಹುಳ ಜಾಲರಿ ದಾಟುವುದಿಲ್ಲ, ರೆಕ್ಕೆ ಮಾತ್ರ ಉದುರಿ ಇಡೀ ಫಿಲ್ಟರ್ ಮುಚ್ಚುತ್ತದೆ. ಹಲ್ಲಿ ದಾಟುತ್ತದೆ! ಖಾಲಿ ಸ್ಲಾಟ್‌ನ ತಗಡು ಕಿತ್ತುಹೋಗಿದ್ದರೆ ಇವತ್ತೇ ಮುಚ್ಚಿ. ಮದರ್‌ಬೋರ್ಡ್ ಹಿಂದೆ ಬೆಚ್ಚಗೆ ಮಲಗುವ ಹಲ್ಲಿ ಶಾರ್ಟ್ ಮಾಡಿ ತಾನೂ ಸಾಯುತ್ತದೆ, ಬೋರ್ಡನ್ನೂ ಕೊಲ್ಲುತ್ತದೆ.

ಬೇಸಿಗೆಯ ಕಡೆ ಇನ್ನೊಂದು ಪಾಡು. ಕಾಫಿ ಒಣಗಿಸುವ ಕಣ ಮನೆ ಎದುರೇ ಇದ್ದರೆ ಜನವರಿ, ಫೆಬ್ರವರಿಯಲ್ಲಿ 15 ದಿನಕ್ಕೊಮ್ಮೆ ಫಿಲ್ಟರ್ ನೋಡಿ. ಬಚ್ಚಲ ಒಲೆಯ ಹೊಗೆ ಬರುವ ಕೋಣೆಯಾದರೆ ಧೂಳು ಅಂಟಂಟಾಗಿ ರೆಕ್ಕೆಗೆ ಹಿಡಿಯುತ್ತದೆ, ಬ್ಲೋವರ್‌ಗೆ ಬಗ್ಗುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ಬಟ್ಟೆಗೆ ಹಾಕಿ ಒಂದೊಂದೇ ರೆಕ್ಕೆ ಒರೆಸಬೇಕು. ಬ್ಲೋವರ್ ಹಿಡಿಯುವಾಗ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಳ್ಳಿ. ಬಿಟ್ಟರೆ ಬೇರಿಂಗ್ ತಾಳಲಾರದಷ್ಟು ವೇಗಕ್ಕೆ ತಿರುಗುತ್ತದೆ, ಮೋಟಾರ್ ಡೈನಮೊ ಆಗಿ ಕರೆಂಟನ್ನು ವಾಪಸ್ ಬೋರ್ಡಿಗೂ ತಳ್ಳಬಹುದು.

ಮೆಶ್ ಮಂದಿ, ಮಡಿಕೇರಿ

ಮೇಲೆ ಅಡ್ಡಲಾಗಿ ಮಲಗಿಸುವ ಫ್ಯಾನ್‌ಗೆ ಒಂದು ಮಾತು ಸೇರಿಸುತ್ತೇನೆ. ಅಗ್ಗದ ಸ್ಲೀವ್ ಬೇರಿಂಗ್ ನೇರ ನಿಂತಾಗ ಬಾಳಿಕೆ ಬರುತ್ತದೆ, ಮಲಗಿಸಿದರೆ ಬೇಗ ಸವೆದು ಗರಗರ ಅನ್ನುತ್ತದೆ. ಮೇಲೆ, ಕೆಳಗೆ ಹಾಕುವುದು ಫ್ಲುಯಿಡ್ ಡೈನಮಿಕ್ ಅಥವಾ ಬಾಲ್ ಬೇರಿಂಗ್ ಇರಲಿ.

ತೋಟದ್ಮನೆ, ಸೋಮವಾರಪೇಟೆ

ಗಾಜಿಗೆ ಸ್ಪೇಸರ್ ಕೊಟ್ಟು, ಮೇಲಿನ ಎದುರು ಫ್ಯಾನ್ ತೆಗೆದು, ರಟ್ಟು ಹಾಕಿದೆ. ಕ್ಯಾಬಿನೆಟ್ ಸ್ಟೂಲ್ ಮೇಲೆ ಬಂತು. 1200ರಲ್ಲೇ ಜಿಪಿಯು 73, ಸಿಪಿಯು 84. ಸ್ಲಾಟ್ ಹತ್ತಿರ ಹೊಗೆ ಈಗ ಹೊರಗೆ ಬರುತ್ತಿದೆ. ಶಬ್ದ ಇನ್ನೂ ಇದೆ, ವೇಗ ಹೇಗೆ ಇಡಲಿ? ಫ್ಯಾನ್ ಎಲ್ಲ ಒಂದೇ ಹಬ್‌ನಲ್ಲಿದೆ, ಅಂಗಡಿಯವರು ಹಾಗೆ ಕೊಟ್ಟಿದ್ದು.

ಪಿನ್ ನಾಲ್ಕು, ಕುಶಾಲನಗರ

ಹಬ್ ಬಿಡಿಸಿ ಎರಡು ಗುಂಪು ಮಾಡಿ. ಎದುರಿನ 3 ಮದರ್‌ಬೋರ್ಡಿನ ಒಂದು ಹೆಡರ್‌ಗೆ (ಫ್ಯಾನ್ ತಂತಿ ಚುಚ್ಚುವ ಪಿನ್‌ಗಳ ಜಾಗ), ಹೊರಕ್ಕೆ ಹೋಗುವ 2 ಇನ್ನೊಂದಕ್ಕೆ. ಮದರ್‌ಬೋರ್ಡ್ ಹೆಡರ್ ಸಾಮಾನ್ಯವಾಗಿ 1 ಆಂಪಿಯರ್ ತಾಳುತ್ತದೆ, ಮ್ಯಾನ್ಯುಯಲ್ ನೋಡಿ ಖಾತ್ರಿ ಮಾಡಿಕೊಳ್ಳಿ. ಫ್ಯಾನ್ ಹಿಂದಿನ ಸ್ಟಿಕ್ಕರ್‌ನಲ್ಲಿ ಆಂಪಿಯರ್ ಬರೆದಿರುತ್ತದೆ, 0.2 ಇದ್ದರೆ ಸ್ಪ್ಲಿಟರ್‌ನಲ್ಲಿ ಮೂರು ಆರಾಮ.

ತಂತಿ ನೋಡಿ. 4 ಪಿನ್ ಇದ್ದರೆ ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಆ ಹೆಡರ್ ಪಿಡಬ್ಲ್ಯುಎಂ ಮೋಡ್, ಅಂದರೆ ನಾಲ್ಕನೆಯ ತಂತಿಯ ಸಂಕೇತದಿಂದ ವೇಗ; 3 ಪಿನ್ ಇದ್ದರೆ ಡಿಸಿ ಮೋಡ್, ಅಂದರೆ ವೋಲ್ಟೇಜ್ ಇಳಿಸಿ ವೇಗ. 3 ಪಿನ್ ಫ್ಯಾನನ್ನು ಪಿಡಬ್ಲ್ಯುಎಂ ಮೋಡಿನಲ್ಲಿ ಬಿಟ್ಟರೆ ನೀವು ಏನೇ ಸೆಟ್ ಮಾಡಿ, ಅದು ಪೂರ್ತಿ ವೇಗದಲ್ಲೇ ಓಡುತ್ತದೆ. ಲೈಟಿನ ತಂತಿ ಬೇರೆ: 3 ಪಿನ್‌ನ 5 ವೋಲ್ಟ್ ಎಆರ್‌ಜಿಬಿ (ಬಣ್ಣದ ಲೈಟಿನ) ತಂತಿಯನ್ನು 4 ಪಿನ್‌ನ 12 ವೋಲ್ಟ್ ಆರ್‌ಜಿಬಿ ಲೈಟ್ ಹೆಡರ್‌ಗೆ ಬಲವಂತದಿಂದ ತೂರಿಸಿದರೆ ಎಲ್‌ಇಡಿ ಸತ್ತೇ ಹೋಗುತ್ತದೆ.

ವೇಗದ ವಿಷಯ. ಬಯೋಸ್ ಸಾಮಾನ್ಯವಾಗಿ ಕ್ಯಾಬಿನೆಟ್ ಫ್ಯಾನ್‌ಗಳನ್ನು ಸಿಪಿಯು ಉಷ್ಣತೆಗೆ ಕಟ್ಟಿರುತ್ತದೆ. ಬ್ರೌಸರ್ ತೆರೆದರೂ ಸಿಪಿಯು ಕ್ಷಣಕ್ಕೆ 20 ಡಿಗ್ರಿ ಹಾರುತ್ತದೆ, ಫ್ಯಾನ್ ಭರ್ ಅಂತ ಏರಿ ಇಳಿಯುತ್ತದೆ. ಕಿವಿಗೆ ಹಿಂಸೆ ಕೊಡುವುದು ಈ ಏರಿಳಿತ. ಫ್ಯಾನ್ ಕಂಟ್ರೋಲ್ ಅನ್ನುವ ಉಚಿತ ಸಾಫ್ಟ್‌ವೇರ್ ವಿಂಡೋಸ್‌ಗೆ ಇದೆ. ಅದರಲ್ಲಿ ಎದುರಿನ ಮೂರನ್ನು ಜಿಪಿಯು, ಸಿಪಿಯು ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಕಟ್ಟಿ, ಪ್ರತಿಕ್ರಿಯೆಯ ಸಮಯ 4–5 ಸೆಕೆಂಡ್ ಇಡಿ. 50 ಡಿಗ್ರಿವರೆಗೆ 40%, 65ಕ್ಕೆ 55%, 75ಕ್ಕೆ 65%, 85 ದಾಟಿದರೆ ಪೂರ್ತಿ. ಹೊರಕ್ಕೆ ಹೋಗುವುದನ್ನು ಎಲ್ಲ ಕಡೆ 5–10% ಕಡಿಮೆ ಇಡಿ, ಒಳಗಿನ ಒತ್ತಡ ಹೊರಗಿಗಿಂತ ಹೆಚ್ಚೇ ಉಳಿಯುತ್ತದೆ. 1500ರಿಂದ 900ಕ್ಕೆ ಇಳಿಸಿದರೆ ಗಾಳಿ 60%ಗೆ ಇಳಿಯುತ್ತದೆ, ಶಬ್ದ ಸುಮಾರು 11 ಡೆಸಿಬೆಲ್ ಕಡಿಮೆ. ಒಳ್ಳೆ ವ್ಯಾಪಾರ.

ಸಿಪಿಯು 84ರಲ್ಲೇ ನಿಂತದ್ದು ಅದರ ಜತೆ ಡಬ್ಬಿಯಲ್ಲಿ ಬಂದ ಕೂಲರ್‌ನಿಂದ, ಗಾಳಿಯಿಂದಲ್ಲ. ಅದು ಮದರ್‌ಬೋರ್ಡ್ ಕಡೆಗೆ ಊದುತ್ತದೆ, ಬಿಸಿ ಅಲ್ಲೇ ಸುತ್ತುತ್ತದೆ. ನಾಲ್ಕು ಹೀಟ್‌ಪೈಪಿನ, 120 ಎಂಎಂ ಫ್ಯಾನ್‌ನ ಸಾಧಾರಣ ಟವರ್ ಕೂಲರ್ ಸಾಕು, ಊದುವ ದಿಕ್ಕು ಹಿಂದಿನ ಫ್ಯಾನ್ ಕಡೆ ಇರಲಿ. ಅಂಥವುಗಳ ಎತ್ತರ 155–160 ಎಂಎಂ. ಕೊಳ್ಳುವ ಮೊದಲು ಸಿಪಿಯು ಮೇಲ್ಭಾಗದಿಂದ ಪಕ್ಕದ ಗಾಜಿನವರೆಗೆ ಸ್ಕೇಲ್ ಇಟ್ಟು ಅಳೆದುಕೊಳ್ಳಿ, ಎಎಂ5 (ನಿಮ್ಮ ಸಿಪಿಯು ಕೂರುವ ಸಾಕೆಟ್) ಅಂತ ಕೂಲರ್ ಡಬ್ಬಿಯ ಮೇಲೆ ಬರೆದಿದೆಯಾ ನೋಡಿ.